ಎರಡು ಹೆಸರುಗಳ ನಡುವೆ ನಿಂತ ಕಾರು

ಬಳಸಿದ ಕಾರುಗಳನ್ನು ಕೊಂಡು ಮಾರುವ ವ್ಯಾಪಾರ ಮಾಡಲು ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಸಾರಿಗೆ ಇಲಾಖೆಯ ಅಧಿಕಾರ ಪ್ರಮಾಣಪತ್ರ ಬೇಕು. ನಿಯಮದ ಭಾಷೆಯಲ್ಲಿ ಈ ವ್ಯಾಪಾರಿ ‘ನೋಂದಾಯಿತ ವಾಹನಗಳ ಡೀಲರ್’. ಊರಿನ ಬಾಯಲ್ಲಿ ಆಟೊ ಕನ್ಸಲ್ಟೆಂಟ್, ಸೆಕೆಂಡ್ ಹ್ಯಾಂಡ್ ಗಾಡಿ ಅಂಗಡಿಯವರು, ಇಲ್ಲವೇ ಬರೀ ಬ್ರೋಕರ್. ರಿಂಗ್ ರೋಡಿನ ಬದಿಯ ಖಾಲಿ ಸೈಟು, ತಗಡಿನ ಶೀಟಿನ ನೆರಳು, ಸಾಲಾಗಿ ನಿಂತ ಹತ್ತಿಪ್ಪತ್ತು ಕಾರು, ಮುಂದಿನ ಗಾಜಿನ ಮೇಲೆ ಮಾಡೆಲ್ ವರ್ಷ ಮತ್ತು ‘ಫಸ್ಟ್ ಓನರ್’ ಎಂಬ ಬರಹ: ಕರ್ನಾಟಕದ ಯಾವ ಜಿಲ್ಲಾ ಕೇಂದ್ರದಲ್ಲೂ ಕಾಣಸಿಗುವ ನೋಟವಿದು. ಅಂಗಡಿಗಳು ಹಳೆಯವು, ಆದರೆ ಮೋಟಾರು ವಾಹನ ನಿಯಮಗಳಲ್ಲಿ ಆ ಅಂಗಡಿಯವರಿಗೆ ಜಾಗವಿರಲಿಲ್ಲ. ಹೊಸ ಕಾರಿನ ಷೋರೂಮಿಗೆ ಟ್ರೇಡ್ ಸರ್ಟಿಫಿಕೇಟ್ ಇತ್ತು. ಕಾರು ಬಳಸುವವರಿಗೆ ಆರ್‌ಸಿ, ಅಂದರೆ ನೋಂದಣಿ ಪತ್ರ ಇತ್ತು. ನಡುವೆ ನಿಂತು ಕೈ ಬದಲಾಯಿಸುವವರು ಮಾತ್ರ ಕಡತಕ್ಕೆ ಸಿಗುತ್ತಿರಲಿಲ್ಲ.

ಸಹಿ ಇದ್ದ ಖಾಲಿ ಫಾರಂ

ಪ್ರಮಾಣಪತ್ರ ಏಕೆ ಬಂತು ಎಂಬುದು ತಿಳಿಯಬೇಕಾದರೆ ಹಳೆಯ ಪದ್ಧತಿಯನ್ನು ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ನೋಂದಣಿ ಯಾರ ಹೆಸರಿನಲ್ಲಿದೆಯೋ ಸಾಮಾನ್ಯವಾಗಿ ಅವರೇ ವಾಹನದ ಮಾಲೀಕರು. ಕಾಯ್ದೆಯ 50ನೇ ಸೆಕ್ಷನ್ ಮಾರಾಟವನ್ನು ವರದಿ ಮಾಡಲು ಗಡುವು ಹಾಕಿದೆ. ಮಾರಿದವರು ರಾಜ್ಯದೊಳಗಿನ ಮಾರಾಟವಾದರೆ 14 ದಿನಗಳಲ್ಲಿ, ಹೊರರಾಜ್ಯಕ್ಕಾದರೆ 45 ದಿನಗಳಲ್ಲಿ ತಿಳಿಸಬೇಕು. ಕೊಂಡವರಿಗೆ 30 ದಿನ. ಇದಕ್ಕೆ ಬಳಕೆಯಾಗುವುದು ಫಾರಂ 29 ಮತ್ತು ಫಾರಂ 30.

ಅಂಗಡಿಯಲ್ಲಿ ನಡೆಯುತ್ತಿದ್ದದ್ದೇ ಬೇರೆ. ಮಾರುವವರು ಎರಡೂ ಫಾರಂಗಳಿಗೆ ಸಹಿ ಹಾಕಿ, ಆರ್‌ಸಿ ಮತ್ತು ಕೀಲಿಯ ಜೊತೆ ಕೊಟ್ಟುಬಿಡುತ್ತಿದ್ದರು. ಕೊಳ್ಳುವವರ ಹೆಸರು, ವಿಳಾಸ, ತಾರೀಖಿನ ಜಾಗ ಖಾಲಿ. ಗಿರಾಕಿ ಸಿಕ್ಕ ದಿನ ಆ ಜಾಗ ತುಂಬುತ್ತಿತ್ತು. ಅದು ವಾರವೂ ಆಗಬಹುದು, ಆರು ತಿಂಗಳೂ ಆಗಬಹುದು. ಕಾರು ಅಂಗಡಿಯಿಂದ ಇನ್ನೊಂದು ಅಂಗಡಿಗೆ ಹೋದರೆ ಅದೇ ಖಾಲಿ ಫಾರಂ ಜೊತೆಯಲ್ಲಿ ಹೋಗುತ್ತಿತ್ತು.

ಇದನ್ನು ಕೇವಲ ಸೋಮಾರಿತನ ಎನ್ನಲಾಗದು, ಲೆಕ್ಕಾಚಾರವೂ ಇತ್ತು. ಕಾರನ್ನು ಅಂಗಡಿಯವರು ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಂಡರೆ ಆರ್‌ಸಿಯಲ್ಲಿ ಮಾಲೀಕರ ಸಂಖ್ಯೆ ಒಂದು ಏರುತ್ತದೆ. ಫಸ್ಟ್ ಓನರ್ ಗಾಡಿ ಅಂಗಡಿಯೊಳಗೇ ಸೆಕೆಂಡ್ ಓನರ್ ಆಗಿ, ಗಿರಾಕಿಯ ಕೈಗೆ ಹೋಗುವಾಗ ಥರ್ಡ್ ಓನರ್ ಆಗುತ್ತದೆ. ಓಡಿದ್ದು ಒಂದು ಕಿಲೋಮೀಟರ್ ಹೆಚ್ಚಿಲ್ಲದಿದ್ದರೂ ಬೆಲೆ ಬಿತ್ತು. ಜೊತೆಗೆ ಎರಡು ಸಲ ಶುಲ್ಕ, ಎರಡು ಸಲ ಆರ್‌ಟಿಒ ಕಚೇರಿಯ ಓಡಾಟ. ಹೀಗಾಗಿ ಹೆಸರು ಬದಲಾಯಿಸದೆ ಇಟ್ಟುಕೊಳ್ಳುವುದೇ ವ್ಯಾಪಾರದ ರೂಢಿಯಾಯಿತು.

ಈ ರೂಢಿಯ ಭಾರ ಬೀಳುತ್ತಿದ್ದದ್ದು ಕಾರು ಮಾರಿ ಮರೆತವರ ಮೇಲೆ. ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಮಾನಿಸಿದ ಒಂದು ಪ್ರಕರಣದಲ್ಲಿ, ಕಾರಿನ ಮಾಲೀಕರು ಅದನ್ನು 2007ರಲ್ಲೇ ಮಾರಿದ್ದರು. ಕೊಂಡವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಕೊಟ್ಟಿದ್ದರು. ನೋಂದಣಿ ಮಾತ್ರ ಮೊದಲ ಹೆಸರಿನಲ್ಲೇ ಉಳಿದಿತ್ತು. 2009ರಲ್ಲಿ ಆ ಕಾರು ಹಿಂದಕ್ಕೆ ಚಲಿಸುವಾಗ ಅಪಘಾತವಾಗಿ ಒಂದು ಜೀವ ಹೋಯಿತು. ಪರಿಹಾರ ಕೊಡಬೇಕಾದವರು ಯಾರು ಎಂಬ ಪ್ರಶ್ನೆಗೆ ಕೋರ್ಟ್ ಕೊಟ್ಟ ಉತ್ತರ ನೇರವಾಗಿತ್ತು: ನೋಂದಣಿ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರು. ಪರಿಹಾರ ಕೇಳಿ ಬಂದ ಕುಟುಂಬ ಕೈಯಿಂದ ಕೈಗೆ ಹೋದ ಕಾರಿನ ಜಾಡು ಹಿಡಿದು ಅಲೆಯಬೇಕಾಗಿಲ್ಲ ಎಂಬುದು ಆ ತೀರ್ಪಿನ ತಿರುಳು. ನ್ಯಾಯ ಕೇಳಿದವರಿಗೆ ಇದು ಸರಿಯೇ. ಆದರೆ ಎರಡು ವರ್ಷ ಹಿಂದೆ ಮಾರಿದ ಕಾರಿಗೆ ಹೊಣೆ ಹೊರಬೇಕಾದವರಿಗೆ ಖಾಲಿ ಫಾರಂನ ಸಹಿ ಎಷ್ಟು ದುಬಾರಿ ಎಂಬುದೂ ಇದರಿಂದ ಖಚಿತವಾಯಿತು.

55ಎಯಿಂದ 55ಎಚ್‌ವರೆಗೆ

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ 2022ರ ಸೆಪ್ಟೆಂಬರ್‌ನಲ್ಲಿ ಕರಡು ಹೊರಡಿಸಿ, ಅದೇ ವರ್ಷದ ಡಿಸೆಂಬರ್ 22ರಂದು ಅಂತಿಮ ಅಧಿಸೂಚನೆ ಪ್ರಕಟಿಸಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 55ಎಯಿಂದ 55ಎಚ್‌ವರೆಗಿನ ನಿಯಮಗಳು ಸೇರಿದವು. ಇವು ಕಾರಿಗಷ್ಟೇ ಅಲ್ಲ, ನೋಂದಣಿಯಾದ ಎಲ್ಲ ಬಗೆಯ ವಾಹನಗಳ ವ್ಯಾಪಾರಕ್ಕೂ ಅನ್ವಯಿಸುತ್ತವೆ. ಹಳೆ ಬೈಕು, ಸ್ಕೂಟರ್ ಮಾರುವ ಅಂಗಡಿಯೂ ಇದರೊಳಗೇ ಬರುತ್ತದೆ.

ನಿಯಮಗಳ ಚೌಕಟ್ಟು ನಾಲ್ಕು ಕಂಬಗಳ ಮೇಲೆ ನಿಂತಿದೆ. ಡೀಲರ್ ಯಾರು ಎಂದು ಗುರುತಿಸುವ ಪ್ರಮಾಣಪತ್ರ. ಮಾಲೀಕರು ಡೀಲರ್‌ಗೆ ವಾಹನ ಒಪ್ಪಿಸಿದ್ದನ್ನು ಇಲಾಖೆಗೆ ತಿಳಿಸುವ ಕ್ರಮ. ವಾಹನ ತನ್ನ ಬಳಿ ಇರುವಷ್ಟು ಕಾಲ ಡೀಲರ್‌ಗೆ ಇರುವ ಅಧಿಕಾರ ಮತ್ತು ಹೊಣೆ. ಆ ಅವಧಿಯಲ್ಲಿ ವಾಹನ ರಸ್ತೆಗಿಳಿದರೆ ಬರೆದಿಡಬೇಕಾದ ಎಲೆಕ್ಟ್ರಾನಿಕ್ ಟ್ರಿಪ್ ರಿಜಿಸ್ಟರ್.

ಟ್ರೇಡ್ ಸರ್ಟಿಫಿಕೇಟನ್ನೂ ಇದನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ಟ್ರೇಡ್ ಸರ್ಟಿಫಿಕೇಟ್ ಇರುವುದು ಇನ್ನೂ ನೋಂದಣಿಯಾಗದ ಹೊಸ ವಾಹನಗಳಿಗೆ. ನೋಂದಣಿಯಾಗಿ, ನಂಬರ್ ಪ್ಲೇಟ್ ಹೊತ್ತು ಓಡಿದ ವಾಹನವನ್ನು ಅದರ ಆಧಾರದಲ್ಲಿ ಮಾರುವಂತಿಲ್ಲ. ಹೊಸ ಕಾರಿನ ಷೋರೂಮು ಎಕ್ಸ್‌ಚೇಂಜ್‌ನಲ್ಲಿ ಬಂದ ಹಳೆ ಕಾರುಗಳನ್ನೂ ವ್ಯಾಪಾರಕ್ಕಿಟ್ಟರೆ ಈ ಪ್ರಮಾಣಪತ್ರವನ್ನು ಬೇರೆಯಾಗಿ ಪಡೆಯಬೇಕು.

ಅರ್ಜಿಗೆ ಮೊದಲಿನ ಕೆಲಸ

ಸಾರಿಗೆ ಇಲಾಖೆಯ ಬಾಗಿಲಿಗೆ ಹೋಗುವ ಮುಂಚೆ ಅಂಗಡಿ ಅಂಗಡಿಯಾಗಿ ನಿಂತಿರಬೇಕು. ಮೊದಲನೆಯದು ಜಾಗ. ಸ್ವಂತದ್ದಾದರೆ ಖಾತೆ ಮತ್ತು ತೆರಿಗೆ ರಸೀದಿ, ಬಾಡಿಗೆಯದ್ದಾದರೆ ಕರಾರು ಪತ್ರ. ಈ ವ್ಯಾಪಾರದಲ್ಲಿ ಜಾಗ ಎಂದರೆ ಮೇಜು ಕುರ್ಚಿಯ ಕೋಣೆಯಷ್ಟೇ ಸಾಲದು. ಹತ್ತು ಕಾರು ಕೊಂಡವರಿಗೆ ಹತ್ತು ಕಾರು ನಿಲ್ಲಿಸುವ ನೆಲ ಬೇಕು. ಮಾರಾಟದ ಕಾರುಗಳನ್ನು ಫುಟ್‌ಪಾತಿನ ಮೇಲೆ, ಅಕ್ಕಪಕ್ಕದ ಮನೆಗಳ ಮುಂದೆ ಸಾಲುಗಟ್ಟಿ ನಿಲ್ಲಿಸುವ ಅಂಗಡಿಗೆ ದೂರು ತಪ್ಪಿದ್ದಲ್ಲ.

ಎರಡನೆಯದು ವ್ಯಾಪಾರದ ರೂಪ. ಒಬ್ಬರೇ ನಡೆಸುವ ಅಂಗಡಿಯೋ, ಪಾಲುದಾರಿಕೆಯೋ, ಕಂಪನಿಯೋ ಎಂಬುದು ಮೊದಲೇ ತೀರ್ಮಾನವಾಗಬೇಕು. ಪ್ಯಾನ್, ಬ್ಯಾಂಕ್ ಖಾತೆ, ಜಿಎಸ್‌ಟಿ ನೋಂದಣಿ ಎಲ್ಲವೂ ಅದೇ ಹೆಸರಿನಲ್ಲಿ ಬರುತ್ತವೆ. ಮುಂದೆ ಅಧಿಕಾರ ಪ್ರಮಾಣಪತ್ರವೂ ಅದೇ ಹೆಸರಿಗೆ. ಒಂದು ಕಡೆ ಒಂದು ಅಕ್ಷರ ಬೇರೆಯಾದರೂ ಅರ್ಜಿ ವಾಪಸು ಬರುತ್ತದೆ.

ಮೂರನೆಯದು ಸ್ಥಳೀಯ ಅನುಮತಿಗಳು. ನಗರ ಪಾಲಿಕೆ ವ್ಯಾಪ್ತಿಯಲ್ಲಾದರೆ ಉದ್ದಿಮೆ ಪರವಾನಗಿ. ಕೆಲಸಗಾರರಿದ್ದರೂ ಇಲ್ಲದಿದ್ದರೂ ಕಾರ್ಮಿಕ ಇಲಾಖೆಯಲ್ಲಿ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ. ಇವು ಯಾವ ಅಂಗಡಿಗೂ ಬೇಕಾದವೇ, ಹಳೆ ಕಾರಿಗೆಂದು ವಿಶೇಷವಾದವಲ್ಲ. ಆದರೆ ವ್ಯಾಪಾರದ ವಿಳಾಸವನ್ನು ಸಾಬೀತು ಮಾಡುವ ದಾಖಲೆಗಳಾಗಿ ಮುಂದಿನ ಹಂತದಲ್ಲಿ ಇವು ನೆರವಾಗುತ್ತವೆ.

ಫಾರಂ 29ಎ, ಫಾರಂ 29ಬಿ

ಅರ್ಜಿಯ ನಮೂನೆ ಫಾರಂ 29ಎ. ಅಂಗಡಿ ಯಾವ ಪ್ರಾದೇಶಿಕ ಸಾರಿಗೆ ಕಚೇರಿಯ ವ್ಯಾಪ್ತಿಯಲ್ಲಿದೆಯೋ ಆ ಕಚೇರಿಗೆ, ಪರಿವಾಹನ್ ಪೋರ್ಟಲ್ ಮೂಲಕ ಸಲ್ಲಿಸಬೇಕು. ಶುಲ್ಕ 25 ಸಾವಿರ ರೂಪಾಯಿ. ಅರ್ಜಿದಾರರ ಗುರುತು, ವ್ಯಾಪಾರದ ವಿಳಾಸ, ತೆರಿಗೆ ನೋಂದಣಿಗಳ ದಾಖಲೆ ಜೊತೆಗಿರಬೇಕು. ದಾಖಲೆ ಮತ್ತು ಜಾಗ ಸರಿಯಿದ್ದರೆ ನೋಂದಣಿ ಪ್ರಾಧಿಕಾರ ಫಾರಂ 29ಬಿಯಲ್ಲಿ ಪ್ರಮಾಣಪತ್ರ ಕೊಡುತ್ತದೆ. ಅದರ ಅವಧಿ ಐದು ವರ್ಷ.

25 ಸಾವಿರ ಎಂದರೆ ತಿಂಗಳಿಗೆ ನಾನೂರು ರೂಪಾಯಿಯ ಮೇಲೆ ಸ್ವಲ್ಪ. ದೊಡ್ಡ ಅಂಗಡಿಗೆ ಇದು ಹೊರೆಯಲ್ಲ. ಅಂಗಡಿಯೇ ಇಲ್ಲದೆ, ಮೊಬೈಲ್ ಫೋನಿನಲ್ಲೇ ಕೊಳ್ಳುವವರನ್ನೂ ಮಾರುವವರನ್ನೂ ಕೂಡಿಸಿ ಕಮಿಷನ್ ಪಡೆಯುವ ಬ್ರೋಕರ್‌ಗೆ ಶುಲ್ಕಕ್ಕಿಂತ ತೊಡಕಾಗುವುದು ವಿಳಾಸ. ಗಾಡಿಯನ್ನು ತನ್ನ ಸುಪರ್ದಿಗೆ ಪಡೆದು ಮಾರುವ ವ್ಯಾಪಾರವನ್ನು ನಿಯಮ ಒಂದು ನೆಲಕ್ಕೆ, ಒಂದು ಕಚೇರಿಯ ವ್ಯಾಪ್ತಿಗೆ ಕಟ್ಟಿಹಾಕಿದೆ.

ಅಂಗಡಿಗೆ ಬಂದ ಒಂದು ಕಾರು

ಪ್ರಮಾಣಪತ್ರ ದಿನನಿತ್ಯ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದು ಕಾರಿನ ಹಿಂದೆ ಹೋಗಿ ನೋಡಬಹುದು. ಮೈಸೂರಿನ ನಿವೃತ್ತ ಶಿಕ್ಷಕಿಯೊಬ್ಬರು ಕೆಎ–09 ನೋಂದಣಿಯ, ಎಂಟು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರನ್ನು ಮಾರಲು ತಂದರು ಎನ್ನೋಣ.

ಅಂಗಡಿಯವರು ಮೊದಲು ಬಾನೆಟ್ ಎತ್ತುತ್ತಾರೆ. ಎಂಜಿನ್ ಸದ್ದು ಕೇಳುವುದು ಆಮೇಲೆ. ಮೊದಲು ಹುಡುಕುವುದು ಚಾಸಿ ನಂಬರ್. ಲೋಹದ ಮೇಲೆ ಒತ್ತಿದ 17 ಅಕ್ಷರ–ಅಂಕಿಗಳ ಆ ಸಾಲಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಿನ ಸೀಸವನ್ನು ಅಡ್ಡಡ್ಡ ಉಜ್ಜಿದರೆ ಅಕ್ಷರಗಳು ಒಂದೊಂದಾಗಿ ಮೂಡುತ್ತವೆ. ಈ ಪೆನ್ಸಿಲ್ ಪ್ರಿಂಟ್ ಆರ್‌ಸಿಯಲ್ಲಿರುವುದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದು ಅಂಕಿ ಉಬ್ಬಿದ್ದರೆ, ಉಜ್ಜಿದ ಗುರುತಿದ್ದರೆ, ಸುತ್ತಲಿನ ಪೇಂಟ್ ಬೇರೆಯಾಗಿ ಕಂಡರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಕದ್ದ ಗಾಡಿಯೋ ಎಂಬ ಅನುಮಾನಕ್ಕೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ‘ವಾಹನ್ ಸಮನ್ವಯ’ ಪೋರ್ಟಲ್ ಇದೆ.

ಮುಂದಿನದು ಸಾಲ. ಆರ್‌ಸಿಯಲ್ಲಿ ಹೈಪಾಥಿಕೇಷನ್ ಎಂದು ಬ್ಯಾಂಕಿನ ಹೆಸರಿದ್ದರೆ, ಸಾಲ ತೀರಿದ್ದರೂ ಆ ನಮೂದು ತಾನಾಗಿ ಅಳಿಯುವುದಿಲ್ಲ. ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಫಾರಂ 35 ಬೇಕು. ಹಳ್ಳಿ ಪಟ್ಟಣಗಳಲ್ಲಿ ‘ಎಚ್‌ಪಿ ಕ್ಯಾನ್ಸಲ್ ಮಾಡಿಸುವುದು’ ಎನ್ನುವುದು ಇದನ್ನೇ. ಆಮೇಲೆ ವಿಮೆಯ ದಿನಾಂಕ, ಹೊಗೆ ತಪಾಸಣೆಯ ಪತ್ರ, ಸಂಚಾರ ನಿಯಮ ಉಲ್ಲಂಘನೆಯ ಬಾಕಿ ದಂಡ, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್. ಬೆಲೆಯ ಮಾತು ಇಷ್ಟೆಲ್ಲ ಆದ ಮೇಲೆ.

ಬೆಲೆ ಕುದುರಿದ ಮೇಲೆ ಹಿಂದೆ ಫಾರಂ 29, 30ಕ್ಕೆ ಖಾಲಿ ಸಹಿ ಬೀಳುತ್ತಿತ್ತು. ಈಗ ಬೇಕಾದ್ದು ಫಾರಂ 29ಸಿ. ಮಾಲೀಕರು ಮತ್ತು ಅಧಿಕೃತ ಡೀಲರ್ ಇಬ್ಬರೂ ಪೋರ್ಟಲ್‌ನಲ್ಲಿ ಎಲೆಕ್ಟ್ರಾನಿಕ್ ರೀತಿಯಲ್ಲಿ ದೃಢಪಡಿಸಿ, ವಾಹನ ಇಂಥ ದಿನ ಡೀಲರ್ ಸುಪರ್ದಿಗೆ ಬಂತು ಎಂದು ನೋಂದಣಿ ಪ್ರಾಧಿಕಾರಕ್ಕೆ ತಿಳಿಸುತ್ತಾರೆ. ಅದರ ಸ್ವೀಕೃತಿ ಶಿಕ್ಷಕಿಯ ಕೈ ಸೇರುತ್ತದೆ. ಅಂದಿನಿಂದ ಆ ಕಾರಿನ ಹೊಣೆ ಡೀಲರ್‌ನದು. ಇಡೀ ನಿಯಮಾವಳಿಯ ಜಾಣತನ ಇರುವುದು ಈ ಒಂದು ಹಾಳೆಯಲ್ಲಿ. ಆರ್‌ಸಿಯಲ್ಲಿ ಶಿಕ್ಷಕಿಯ ಹೆಸರೇ ಇದೆ, ಮಾಲೀಕರ ಸಂಖ್ಯೆ ಏರಿಲ್ಲ, ಫಸ್ಟ್ ಓನರ್ ಗಾಡಿ ಫಸ್ಟ್ ಓನರ್ ಆಗಿಯೇ ಉಳಿದಿದೆ. ಹಾಗಿದ್ದೂ ಕಾರು ಯಾರ ಬಳಿ ಇದೆ ಎಂಬುದು ಇಲಾಖೆಗೆ ಗೊತ್ತು. ಹೆಸರು ಬದಲಾಯಿಸದಿರಲು ವ್ಯಾಪಾರಿಗಿದ್ದ ಕಾರಣವನ್ನು ನಿಯಮ ಒಪ್ಪಿಕೊಂಡಿತು, ಹೆಸರಿಲ್ಲದೆ ಉಳಿಯುವ ಅವಕಾಶವನ್ನು ಮಾತ್ರ ಕಿತ್ತುಕೊಂಡಿತು.

ಓಡಿದ ಲೆಕ್ಕ

ಕಾರು ಅಂಗಡಿಯಲ್ಲಿರುವಾಗ ಡೀಲರ್ ಅದನ್ನು ಸ್ವಂತ ಗಾಡಿಯಂತೆ ಓಡಿಸುವಂತಿಲ್ಲ. ಮದುವೆ ಮನೆಗೆ, ಊರಹಬ್ಬಕ್ಕೆ ಒಯ್ಯುವಂತಿಲ್ಲ. ಕೊಳ್ಳಲು ಬಂದವರಿಗೆ ಟ್ರಯಲ್ ಕೊಡಲು, ರಿಪೇರಿ, ಸರ್ವಿಸ್ ಅಥವಾ ಪೇಂಟಿಂಗ್‌ಗೆ ಒಯ್ಯಲು, ತಪಾಸಣೆಗೆ ಅಥವಾ ಪ್ರದರ್ಶನದ ಜಾಗಕ್ಕೆ ಕೊಂಡೊಯ್ಯಲು ಮಾತ್ರ ರಸ್ತೆಗಿಳಿಸಬಹುದು. ಪ್ರತಿ ಸಲವೂ ಏಕೆ ಹೋಯಿತು, ಓಡಿಸಿದವರು ಯಾರು, ಎಷ್ಟು ಹೊತ್ತಿಗೆ, ಎಷ್ಟು ಕಿಲೋಮೀಟರ್ ಎಂಬುದು ಎಲೆಕ್ಟ್ರಾನಿಕ್ ಟ್ರಿಪ್ ರಿಜಿಸ್ಟರ್‌ನಲ್ಲಿ ದಾಖಲಾಗಬೇಕು. ಸಿಗ್ನಲ್ ದಾಟಿದ ದಂಡದ ನೋಟಿಸು ಶಿಕ್ಷಕಿಯ ಮೊಬೈಲಿಗೆ ಬಂದರೆ, ಆ ಹೊತ್ತಿನಲ್ಲಿ ಸ್ಟೀರಿಂಗ್ ಹಿಡಿದಿದ್ದವರು ಯಾರು ಎಂಬುದಕ್ಕೆ ಈ ರಿಜಿಸ್ಟರ್ ಉತ್ತರ.

ವಿಮೆ ಇಲ್ಲದೆ ಟ್ರಯಲ್ ಕೊಡುವುದಂತೂ ಅಪಾಯ. ರಸ್ತೆಗಿಳಿಯುವ ಯಾವ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅಂಗಡಿಯಲ್ಲಿ ನಿಂತಿರುವಾಗಲೇ ಅವಧಿ ಮುಗಿಯುವ ಪಾಲಿಸಿಗಳ ಮೇಲೆ ಕಣ್ಣಿಡುವುದು ಡೀಲರ್‌ನ ನಿತ್ಯದ ಕೆಲಸಗಳಲ್ಲೊಂದು.

ಹೊಣೆಯ ಜೊತೆಗೆ ಅಧಿಕಾರವನ್ನೂ ನಿಯಮ ಕೊಟ್ಟಿದೆ. ತನ್ನ ಸುಪರ್ದಿಯಲ್ಲಿರುವ ವಾಹನದ ಆರ್‌ಸಿ ನವೀಕರಣ, ಫಿಟ್‌ನೆಸ್ ಪತ್ರದ ನವೀಕರಣ, ನಕಲು ಆರ್‌ಸಿ, ಎನ್‌ಒಸಿ, ಮಾಲೀಕತ್ವ ವರ್ಗಾವಣೆ ಇವಕ್ಕೆ ಅಧಿಕೃತ ಡೀಲರ್ ತಾನೇ ಅರ್ಜಿ ಹಾಕಬಹುದು. ಹಿಂದೆ ಇಂಥ ಪ್ರತಿ ಕೆಲಸಕ್ಕೂ ಹಳೆ ಮಾಲೀಕರನ್ನು ಹುಡುಕಿಕೊಂಡು ಹೋಗಿ ಸಹಿ ಕೇಳಬೇಕಿತ್ತು. ಅವರು ಊರು ಬಿಟ್ಟಿದ್ದರೆ ಕಾರು ಅಂಗಡಿಯಲ್ಲೇ ಧೂಳು ತಿನ್ನುತ್ತಿತ್ತು.

ಮಾರಾಟ, ವರ್ಗಾವಣೆ, ತೆರಿಗೆ

ಗಿರಾಕಿ ಸಿಕ್ಕ ಮೇಲೆ ಮಾಲೀಕತ್ವ ಶಿಕ್ಷಕಿಯ ಹೆಸರಿನಿಂದ ನೇರವಾಗಿ ಕೊಂಡವರ ಹೆಸರಿಗೆ ಹೋಗುತ್ತದೆ. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ನೋ ಕ್ಲೇಮ್ ಬೋನಸ್ ಮಾತ್ರ ಕಾರಿನ ಜೊತೆ ಹೋಗುವುದಿಲ್ಲ. ಅದು ಮಾರಿದವರದ್ದು, ತಮ್ಮ ಮುಂದಿನ ಕಾರಿಗೆ ಬಳಸಿಕೊಳ್ಳಬಹುದು. ಕಾರು ಹೊರರಾಜ್ಯಕ್ಕೆ ಹೋಗುವುದಾದರೆ ಫಾರಂ 28ರಲ್ಲಿ ಎನ್‌ಒಸಿ ಬೇಕು. ಅದೇ ರೀತಿ ದೆಹಲಿ ಕಡೆಯಿಂದಲೋ ಕೇರಳದಿಂದಲೋ ತಂದ ಕಾರಿಗೆ ಕರ್ನಾಟಕದ ಸಂಖ್ಯೆ ಪಡೆಯಲು ವಾಹನದ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಕಟ್ಟಬೇಕು. ಹೊರರಾಜ್ಯದ ಕಾರು ಅಗ್ಗವಾಗಿ ಕಂಡು, ಲೈಫ್ ಟ್ಯಾಕ್ಸ್ ಸೇರಿಸಿದ ಮೇಲೆ ಇಲ್ಲಿನ ಬೆಲೆಗೇ ಬಂದು ನಿಲ್ಲುವುದುಂಟು.

ಜಿಎಸ್‌ಟಿ ಈ ವ್ಯಾಪಾರದಲ್ಲಿ ಪೂರ್ತಿ ಬೆಲೆಯ ಮೇಲೆ ಬೀಳುವುದಿಲ್ಲ, ಮಾರ್ಜಿನ್ ಮೇಲೆ ಮಾತ್ರ ಬೀಳುತ್ತದೆ. ಮಾರಿದ ಬೆಲೆಯಲ್ಲಿ ಕೊಂಡ ಬೆಲೆ ಕಳೆದು ಉಳಿದದ್ದೇ ಮಾರ್ಜಿನ್. ಮೊದಲು ಸಣ್ಣ ಕಾರಿಗೆ ಶೇ 12, ದೊಡ್ಡದಕ್ಕೆ ಶೇ 18 ಇತ್ತು. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ಎಲ್ಲಕ್ಕೂ, ವಿದ್ಯುತ್ ಚಾಲಿತ ಕಾರಿಗೂ ಸೇರಿ, ಶೇ 18 ಎಂದು ನಿರ್ಧರಿಸಿತು. ಅದು 2025ರ ಜನವರಿ 16ರಿಂದ ಜಾರಿಗೆ ಬಂತು.

ಶಿಕ್ಷಕಿಯ ಕಾರನ್ನು ಡೀಲರ್ 2.80 ಲಕ್ಷಕ್ಕೆ ಕೊಂಡು, ಟೈರು, ಪೇಂಟಿಗೆ 15 ಸಾವಿರ ಹಾಕಿ, ತೆರಿಗೆ ಬಿಟ್ಟು 3.40 ಲಕ್ಷಕ್ಕೆ ಮಾರಿದರು ಎಂದಿಟ್ಟುಕೊಳ್ಳಿ. ಮಾರ್ಜಿನ್ 60 ಸಾವಿರ, ತೆರಿಗೆ 10,800 ರೂಪಾಯಿ. ಟೈರಿಗೆ ಹಾಕಿದ ದುಡ್ಡು ಮಾರ್ಜಿನ್‌ನಿಂದ ಕಳೆಯುವುದಿಲ್ಲ. ಕೈಗೆ ಉಳಿದದ್ದು 45 ಸಾವಿರವಾದರೂ ತೆರಿಗೆ 60 ಸಾವಿರದ ಮೇಲೆಯೇ. ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದರೆ ಆ ಕಾರಿಗೆ ತೆರಿಗೆ ಇಲ್ಲ. ಮಾರ್ಜಿನ್ ಮೇಲಷ್ಟೇ ತೆರಿಗೆ ಎಂಬ ಸೌಲಭ್ಯ ಸಿಗಬೇಕಾದರೆ ಆ ಕಾರಿನ ಖರೀದಿಯ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆದಿರಬಾರದು. ಶಿಕ್ಷಕಿಯಂಥವರು ಸ್ವಂತ ಬಳಕೆಯ ಕಾರು ಮಾರಿದರೆ ಅವರಿಗೆ ಜಿಎಸ್‌ಟಿ ಇಲ್ಲ.

ನಗದಿನ ವ್ಯವಹಾರಕ್ಕೂ ಆದಾಯ ತೆರಿಗೆ ಕಾನೂನು ಮಿತಿ ಹಾಕಿದೆ. ಒಂದು ವಹಿವಾಟಿಗೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಕಟ್ಟು ಕಟ್ಟು ನೋಟು ಎಣಿಸಿ ಕೀಲಿ ಕೊಡುತ್ತಿದ್ದ ಕಾಲ ಕಾಗದದ ಮೇಲಾದರೂ ಮುಗಿದಿದೆ.

ಪ್ರಮಾಣಪತ್ರ ಹೇಳದ ಮಾತು

ಫಾರಂ 29ಬಿ ಹೇಳುವುದು ಅಂಗಡಿಯವರು ಯಾರು, ಎಲ್ಲಿದ್ದಾರೆ ಎಂಬುದನ್ನು. ಕಾರು ಚೆನ್ನಾಗಿದೆ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಮೀಟರ್ ಹಿಂದಕ್ಕೆ ತಿರುಗಿಸಿದ್ದು, ನೆರೆ ನೀರಿನಲ್ಲಿ ಮುಳುಗಿ ಎದ್ದದ್ದು, ಅಪಘಾತದಲ್ಲಿ ಜಜ್ಜಿದ ಚಾಸಿಯನ್ನು ನೇರ ಮಾಡಿದ್ದು ಇವೆಲ್ಲ ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಕಾಣದ ಸಂಗತಿಗಳು. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರ ಪ್ರಬಂಧದಲ್ಲಿ ಹಳೆ ಕಾರಿನ ಪೇಟೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ಒಳ್ಳೆಯ ಗಾಡಿ ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವರಿಗೆ ತಿಳಿಯದಿದ್ದಾಗ ಅವರು ಸರಾಸರಿ ಬೆಲೆಯನ್ನಷ್ಟೇ ಕೊಡುತ್ತಾರೆ, ಆ ಬೆಲೆಗೆ ಒಳ್ಳೆಯ ಗಾಡಿಯವರು ಪೇಟೆಗೇ ಬರುವುದಿಲ್ಲ ಎಂದು ತೋರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಬಂತು.

ಅಮೆರಿಕದಲ್ಲಿ ಡೀಲರ್ ಪರವಾನಗಿ ಕೊಳ್ಳುವವರನ್ನು ಕಾಯುವ ದಿಕ್ಕಿನಲ್ಲಿ ಮುಂದೆ ಹೋಗಿದೆ. ಕ್ಯಾಲಿಫೋರ್ನಿಯಾದಲ್ಲಿ ಹಳೆ ಕಾರು ಮಾರಲು ಹೊರಟವರು ಆರು ಗಂಟೆಯ ತರಬೇತಿ ಪಡೆದು, ಪರೀಕ್ಷೆ ಪಾಸಾಗಿ, 50 ಸಾವಿರ ಡಾಲರ್‌ಗಳ ಜಾಮೀನು ಬಾಂಡ್ ಒದಗಿಸಬೇಕು. ಡೀಲರ್ ಮೋಸ ಮಾಡಿದರೆ ನಷ್ಟವಾದವರು ಆ ಬಾಂಡಿನಿಂದ ಪರಿಹಾರ ಕೇಳಬಹುದು. 1985ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮವೊಂದರ ಪ್ರಕಾರ ಅಲ್ಲಿನ ಡೀಲರ್‌ಗಳು, ಕಾರಿಗೆ ವಾರಂಟಿ ಇದೆಯೋ ಇಲ್ಲವೋ ಎಂಬುದನ್ನು ಗಾಜಿನ ಮೇಲೇ ಅಂಟಿಸಬೇಕು. ಭಾರತದ ನಿಯಮದಲ್ಲಿ ಪರೀಕ್ಷೆ, ಬಾಂಡ್, ಗಾಜಿನ ಚೀಟಿ ಮೂರೂ ಇಲ್ಲ. ಇಲ್ಲಿ ದೋಷವಿದ್ದ ಕಾರು ಕೊಂಡವರಿಗೆ ಇರುವ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 50 ಲಕ್ಷದವರೆಗಿನ ಖರೀದಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ದೂರು ಕೊಡಲು ಎದುರು ಪಕ್ಷದವರ ಹೆಸರು ಮತ್ತು ವಿಳಾಸ ಬೇಕಲ್ಲ, ಪ್ರಮಾಣಪತ್ರ ಅದನ್ನಾದರೂ ಒದಗಿಸುತ್ತದೆ.

ಐದು ವರ್ಷದ ಅವಧಿ ಮುಗಿಯುವ ಮುನ್ನ ಡೀಲರ್ ಮತ್ತೆ ಫಾರಂ 29ಎಯಲ್ಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. ನಿಯಮ ಮೀರಿದರೆ ಪ್ರಮಾಣಪತ್ರವನ್ನು ಅಮಾನತಿನಲ್ಲಿಡುವ, ರದ್ದು ಮಾಡುವ ಅಧಿಕಾರ ನೋಂದಣಿ ಪ್ರಾಧಿಕಾರಕ್ಕಿದೆ. ಕೊಳ್ಳುವವರು ಅಂಗಡಿಯಲ್ಲಿ ಕೇಳಿ ನೋಡಬೇಕಾದ್ದು ಫಾರಂ 29ಬಿ ಮತ್ತು ಅದರ ಕೊನೆಯ ದಿನಾಂಕ. ಮಾರುವವರು ಕೀಲಿ ಕೊಡುವ ಮುನ್ನ ಕೈಗೆ ತೆಗೆದುಕೊಳ್ಳಬೇಕಾದ್ದು ಹಣದ ಜೊತೆಗೆ ಫಾರಂ 29ಸಿಯ ಸ್ವೀಕೃತಿ. ಕಾರು ಹೊಸ ಹೆಸರಿಗೆ ಸೇರುವ ದಿನದವರೆಗೂ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.